ಕೈದಿಯೋ, ಆಳೋ? ಸಿಡ್ನಿಯ ಮಕ್ಕಳಿಗೆ ಹೇಳಲು ಒಂದು ಕನ್ನಡ ಪದ ಬೇಕು

ನದಿದಂಡೆ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಸಿಡ್ನಿ ಪಕ್ಕದ ಪರಮಟ್ಟಾದಲ್ಲಿ. ಶನಿವಾರ ಶನಿವಾರ ಇಲ್ಲಿನ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಈ ಸಲ ಪುಸ್ತಕ ಪಕ್ಕಕ್ಕಿಟ್ಟು, ನಾವಿರುವ ಊರಿನ ಹಳೇ ಕಥೆಯನ್ನೇ ಹೇಳೋಣ ಅಂತ ಹೊರಟೆ. ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದೆ.

"1788ರಲ್ಲಿ ಬ್ರಿಟಿಷರು ಇಲ್ಲಿಗೆ ಕೈದಿಗಳನ್ನು ತಂದರು" ಅಂದೆ. ಒಂದು ಪುಟ್ಟ ಹುಡುಗಿ ಕೈ ಎತ್ತಿ, "ಹಾಗಾದ್ರೆ ಜೈಲು ಎಲ್ಲಿತ್ತು ಆಂಟಿ?" ಅಂತ ಕೇಳಿದಳು.

ಜೈಲು ಇರಲೇ ಇಲ್ಲ. 11 ಹಡಗು ಬಂದು ನಿಂತಾಗ ತಲೆ ಮೇಲೆ ಒಂದು ಸೂರೂ ಇರಲಿಲ್ಲ. ಮರ ಕಡಿದವರು, ಮಣ್ಣು ತುಳಿದವರು, ಇಟ್ಟಿಗೆ ಸುಟ್ಟವರು ಎಲ್ಲ ಆ ಕೈದಿಗಳೇ. ಗಾಡಿಗೆ ಕಟ್ಟಲು ಎತ್ತುಗಳಿಲ್ಲ. ಹಾಗಾಗಿ ಒಂದು ಇಟ್ಟಿಗೆ ಗಾಡಿಗೆ 12 ಜನ. ಒಂದು ಸಲಕ್ಕೆ 350 ಇಟ್ಟಿಗೆ, ದಿನಕ್ಕೆ 5 ಸಲ. ಲೆಕ್ಕ ಬರೆದಿಟ್ಟಿದ್ದಾರೆ.

ಆಮೇಲೆ ಬಂದವರ ಕಥೆ ಇನ್ನೂ ಬೇರೆ. ನ್ಯೂ ಸೌತ್ ವೇಲ್ಸ್‌ಗೆ 1840ರವರೆಗೆ ಬಂದವರು ಸುಮಾರು 80,000 ಜನ. ಬಹುಪಾಲು ಜನ ಒಂದಲ್ಲ ಒಂದು ಕಾಲಕ್ಕೆ ಯಾವುದೋ ಜಮೀನ್ದಾರನ ಮನೆಯಲ್ಲಿ, ಹೊಲದಲ್ಲಿ, ಕುರಿ ಹಟ್ಟಿಯಲ್ಲಿ ದುಡಿದವರು. ನೆಲಸಿಗರು ಸರ್ಕಾರಕ್ಕೆ ಅರ್ಜಿ ಹಾಕುತ್ತಿದ್ದರು. ಕುರಿ ಕಾಯಲು ಇಬ್ಬರು ಬೇಕು, ಒಬ್ಬ ಬಡಗಿ ಬೇಕು, ಅಡುಗೆಗೆ ಒಬ್ಬಳು ಬೇಕು ಅಂತ. ಸರ್ಕಾರ ಹಂಚುತ್ತಿತ್ತು. ಸಂಬಳ ಇಲ್ಲ. ಊಟ, ಬಟ್ಟೆ, ಮಲಗಲು ಜಾಗ ಯಜಮಾನನದು.

ಇವರನ್ನು ಕನ್ನಡದಲ್ಲಿ ಏನಂತ ಕರೆಯಲಿ? ಕೈದಿ ಅಂದರೆ ಮಕ್ಕಳಿಗೆ ಸರಳುಗಳೇ ಕಣ್ಣ ಮುಂದೆ ಬರುತ್ತವೆ. ಗುಲಾಮ ಅಂದರೆ ಪೂರ್ತಿ ಸರಿಯಲ್ಲ ಅನ್ನಿಸುತ್ತೆ. ಯಾರಾದರೂ ಸಹಾಯ ಮಾಡಿ.

ಕಾಫಿಹೂ · ಭಾನುವಾರ ಮಧ್ಯಾಹ್ನ

ಜೀತದಾಳು ಅನ್ನಿ ಅಕ್ಕಾ. ನಮ್ಮ ಮಕ್ಕಳಿಗೂ ಆ ಪದ ಗೊತ್ತಾಗಲಿ.

ನಮ್ಮ ತಾತ ಚಿಕ್ಕಮಗಳೂರು ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹೆಸರು ಕೂಗುವುದು ಅವರ ಕೆಲಸ. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿಂದ ಆಳು ತರುತ್ತಿದ್ದರಂತೆ. ಮುಂಗಡ ತೀರುವವರೆಗೆ ಲೈನ್ ಮನೆ ಬಿಟ್ಟು ಕದಲೋ ಹಾಗಿಲ್ಲ. ಮುಂಗಡ ತಗೊಂಡು ಓಡಿದವನನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಕಾಯ್ದೆಯನ್ನು ಬ್ರಿಟಿಷರು 1859ರಲ್ಲೇ ಮಾಡಿದ್ದರು. ನೀವು ಹೇಳುವುದು ಓದಿದರೆ ಅದೇ ಚಿತ್ರ ಬರುತ್ತೆ. ಆಳು ಓಡಿದರೆ ಅದು ಅಪರಾಧ. ಯಜಮಾನ ಊಟ ಸರಿ ಹಾಕದಿದ್ದರೆ ಅದು ಬರೀ ದೂರು.

ಮಲೆನಾಡ ಮೇಷ್ಟ್ರು · ಭಾನುವಾರ ಸಂಜೆ

ಕಾಫಿಹೂ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಆದರೂ ಜೀತ ಅನ್ನಲು ನನಗೆ ಎರಡು ಅಡ್ಡಿ ಕಾಣುತ್ತವೆ.

ಒಂದು, ಜೀತದ ಬುಡದಲ್ಲಿ ಸಾಲ ಇರುತ್ತೆ. ಇಲ್ಲಿ ಸಾಲ ಇಲ್ಲ, ತೀರ್ಪು ಇದೆ. ಇನ್ನೊಂದು ಅದಕ್ಕಿಂತ ದೊಡ್ಡದು. ನಮ್ಮ ಕಡೆ ಅಪ್ಪನ ಜೀತ ಮಗನ ಹೆಗಲಿಗೆ ಬರುತ್ತಿತ್ತು. 1976ರಲ್ಲಿ ಕಾನೂನು ಬರುವವರೆಗೂ ಎಷ್ಟು ಮನೆಗಳಲ್ಲಿ ನೋಡಿದ್ದೇವೆ. ಅಲ್ಲಿ ಹಾಗಿರಲಿಲ್ಲ. ಕೈದಿಯ ಮಗು ಹುಟ್ಟಿದ ದಿನದಿಂದಲೇ ಸ್ವತಂತ್ರ. ಗುಲಾಮಗಿರಿಗೂ ಇದಕ್ಕೂ ಇರುವ ವ್ಯತ್ಯಾಸವೂ ಅದೇ. ಗಡುವು ಇತ್ತು. 7 ವರ್ಷ, 14 ವರ್ಷ, ಇಲ್ಲ ಜೀವಾವಧಿ.

ಈ ವ್ಯತ್ಯಾಸ ಸಣ್ಣದು ಅಂತ ಯಾರೂ ಅಂದುಕೊಳ್ಳಬೇಡಿ. ಗಡುವು ಇರುವ ಮನುಷ್ಯ ದಿನ ಎಣಿಸುತ್ತಾನೆ. ಎಣಿಸುವುದಕ್ಕೆ ಏನೂ ಇಲ್ಲದವನ ಪಾಡೇ ಬೇರೆ.

ರಾಗಿಕಣ · ಭಾನುವಾರ ರಾತ್ರಿ

ತಪ್ಪು ತಿಳ್ಕೋಬೇಡಿ, ನಿಜವಾಗಿಯೂ ಕೇಳ್ತಿದೀನಿ. ಇವರು ಕಳ್ಳತನ ಮಾಡಿ ಶಿಕ್ಷೆ ಆದವರು ಅಲ್ವಾ? ಜೈಲಲ್ಲಿ ಕೊಳೆಯುವ ಬದಲು ಹೊಲದಲ್ಲಿ ಕೆಲಸ, ಹೊಟ್ಟೆಗೆ ಊಟ. ಲಂಡನ್ ಬೀದಿಯಲ್ಲಿ ಹಸಿದಿದ್ದವನಿಗೆ ಇದು ಮೇಲೇ ಅಲ್ವಾ? ಎಷ್ಟೋ ಜನ ಆಮೇಲೆ ಜಮೀನು ಮಾಡಿಕೊಂಡು ಸಾಹುಕಾರರಾದರು ಅಂತಲೂ ಓದಿದ್ದೇನೆ.

ನದಿದಂಡೆ · ಸೋಮವಾರ ಬೆಳಿಗ್ಗೆ

ರಾಗಿಕಣ, ಒಳ್ಳೆ ಪ್ರಶ್ನೆ. ಮಕ್ಕಳ ಅಪ್ಪಂದಿರೂ ನನ್ನನ್ನು ಇದನ್ನೇ ಕೇಳಿದರು. ನೀವು ಹೇಳಿದ್ದರಲ್ಲಿ ನಿಜ ಇದೆ. ಮೊದಲು ಅದನ್ನೇ ಹೇಳುತ್ತೇನೆ.

1830ರ ದಶಕದ ನಿಯಮದ ಪ್ರಕಾರ ಒಬ್ಬ ಆಳಿಗೆ ವಾರಕ್ಕೆ ಯಜಮಾನ ಕೊಡಬೇಕಾದದ್ದು 12 ಪೌಂಡ್ ಗೋಧಿ, 7 ಪೌಂಡ್ ದನದ್ದೋ ಕುರಿದೋ ಮಾಂಸ, 2 ಔನ್ಸ್ ಉಪ್ಪು, 2 ಔನ್ಸ್ ಸೋಪು. ನಮ್ಮ ಲೆಕ್ಕದಲ್ಲಿ ಐದೂವರೆ ಕೆಜಿ ಗೋಧಿ, ಮೂರು ಕೆಜಿಗಿಂತ ಸ್ವಲ್ಪ ಜಾಸ್ತಿ ಮಾಂಸ. ವರ್ಷಕ್ಕೆ 3 ಅಂಗಿ, 2 ಪ್ಯಾಂಟು, 3 ಜೊತೆ ಬೂಟು. ಟೀ, ಸಕ್ಕರೆ, ತಂಬಾಕು ಈ ಪಟ್ಟಿಯಲ್ಲಿಲ್ಲ. ಅದೆಲ್ಲ ಯಜಮಾನನ ಮರ್ಜಿ. ಚೆನ್ನಾಗಿ ದುಡಿದರೆ ಕೊಡುತ್ತಿದ್ದ, ಮುನಿಸು ಬಂದರೆ ನಿಲ್ಲಿಸುತ್ತಿದ್ದ.

ಊಟ ಕಡಿಮೆ ಅಲ್ಲ, ಒಪ್ಪುತ್ತೇನೆ. ನನ್ನ ತಕರಾರು ಊಟದ ಬಗ್ಗೆ ಅಲ್ಲ. ಆ ಮನುಷ್ಯನ ಶಿಕ್ಷೆ ಎಷ್ಟು ಕಠಿಣ ಅನ್ನುವುದು ಅವನ ಅಪರಾಧದ ಮೇಲೆ ನಿಂತಿರಲಿಲ್ಲ. ಯಾವ ಯಜಮಾನ ಸಿಕ್ಕಿದ ಅನ್ನುವುದರ ಮೇಲೆ ನಿಂತಿತ್ತು. ಒಂದೇ ಹಡಗಲ್ಲಿ, ಒಂದೇ ತಪ್ಪಿಗೆ ಬಂದ ಇಬ್ಬರಲ್ಲಿ ಒಬ್ಬ ಒಳ್ಳೆಯ ಮನೆಯಲ್ಲಿ ಅಡುಗೆಯವನಾದ. ಇನ್ನೊಬ್ಬ ದೂರದ ಗುಡ್ಡದಲ್ಲಿ ಒಬ್ಬಂಟಿ ಕುರಿ ಕಾಯುತ್ತಾ, ಒಂದು ಕುರಿ ಕಳೆದರೂ ಏಟು ತಿಂದ.

ಏಟಿನ ವಿಷಯಕ್ಕೆ ಬರುತ್ತೇನೆ. ಯಜಮಾನ ತಾನೇ ಕೈ ಎತ್ತುವಂತಿರಲಿಲ್ಲ. ಮ್ಯಾಜಿಸ್ಟ್ರೇಟ್ ಹತ್ತಿರ ಕಳಿಸಬೇಕಿತ್ತು. ಕೇಳಲು ನ್ಯಾಯವಾಗಿದೆ. ಆದರೆ ಮ್ಯಾಜಿಸ್ಟ್ರೇಟ್ ಯಾರು? ಪಕ್ಕದ ಜಮೀನಿನ ಯಜಮಾನ. ಇವನ ಆಳಿನ ತೀರ್ಪು ಅವನದು, ಅವನ ಆಳಿನ ತೀರ್ಪು ಇವನದು. ಭಾನುವಾರ ಇಬ್ಬರೂ ಒಂದೇ ಮೇಜಲ್ಲಿ ಊಟ ಮಾಡುವವರು. ಸೋಮಾರಿತನ, ಎದುರುತ್ತರ, ಹೇಳದೆ ಹೋದದ್ದು, ಇಷ್ಟಕ್ಕೇ ಚಾಟಿ. ಗವರ್ನರ್ ಬರ್ಕ್ 1832ರಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಕೊಡಬಹುದಾದ ಏಟನ್ನು 50ಕ್ಕೆ ಇಳಿಸಿದಾಗ ಜಮೀನ್ದಾರರು ಸಿಟ್ಟಾದರು. ಇಳಿಸಿದ್ದು 50ಕ್ಕೆ ಅಂದರೆ ಮೊದಲು ಹೇಗಿತ್ತು ಅಂತ ಊಹಿಸಿ.

ಇನ್ನು ಸಾಹುಕಾರರಾದವರು. ಹೌದು, ಇದ್ದರು. ನಮ್ಮ 20 ಡಾಲರ್ ನೋಟಿನಲ್ಲಿರುವ ಹೆಂಗಸು ಮೇರಿ ರೀಬಿ. 13ನೇ ವಯಸ್ಸಲ್ಲಿ ಹುಡುಗನ ವೇಷದಲ್ಲಿ ಕುದುರೆ ಕದ್ದು ಸಿಕ್ಕಿಬಿದ್ದವಳು. 1792ರಲ್ಲಿ ಇಲ್ಲಿಗೆ ಬಂದಳು. ಗಂಡ ಸತ್ತ ಮೇಲೆ ಹಡಗು, ಗೋದಾಮು, ಜಮೀನು ಎಲ್ಲ ತಾನೇ ನೋಡಿಕೊಂಡಳು. ಸ್ಯಾಮ್ಯುಯೆಲ್ ಟೆರಿ ಅನ್ನುವವನು 400 ಜೊತೆ ಕಾಲುಚೀಲ ಕದ್ದು ಬಂದವನು, ಸಾಯುವಾಗ ಇಡೀ ಕಾಲೊನಿಯಲ್ಲೇ ದೊಡ್ಡ ಶ್ರೀಮಂತ. ಆದರೆ ಇಂಥವರು ಬೆರಳೆಣಿಕೆ. ನನಗೆ ಹತ್ತಿರದವನು ಜೇಮ್ಸ್ ರೂಸ್. ಅವನ ಕಥೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊರಡಬೇಕು.

ಗಂಜಾಂ ಹುಡುಗ · ಸೋಮವಾರ ಮಧ್ಯಾಹ್ನ

ಅಕ್ಕಾ, ನಮ್ಮೂರು ಶ್ರೀರಂಗಪಟ್ಟಣ. ನಿಮ್ಮ ಕಥೆಯಲ್ಲಿ ನಮ್ಮೂರಿಗೂ ಜಾಗ ಇದೆ, ಮಕ್ಕಳಿಗೆ ಹೇಳಲೇಬೇಕು.

1810ರಿಂದ 1821ರವರೆಗೆ ಸಿಡ್ನಿಯಲ್ಲಿ ಗವರ್ನರ್ ಆಗಿದ್ದ ಲಾಕ್ಲನ್ ಮ್ಯಾಕ್ವಾರಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎರಡು ಸಲ ಇದ್ದವನು. 1792ರಲ್ಲೂ, 1799ರಲ್ಲೂ. ಎರಡನೇ ಸಲ ಬಾಂಬೆ ಸೈನ್ಯದ ಜೊತೆ ಕಣ್ಣೂರಿನಿಂದ ಕೊಡಗು ದಾಟಿ ಬಂದ. ಪಿರಿಯಾಪಟ್ಟಣದ ಹತ್ತಿರ ಸಿದ್ಧೇಶ್ವರದಲ್ಲಿ ಟಿಪ್ಪುವಿನ ಸೈನ್ಯ ಎದುರಾದಾಗಲೂ ಇದ್ದ. ಗವರ್ನರ್ ಆಗಿ ಸಿಡ್ನಿಗೆ ಹೋದಾಗ ಜೊತೆಗೆ ಕರೆದುಕೊಂಡು ಹೋದದ್ದು 73ನೇ ರೆಜಿಮೆಂಟ್. ಅದೂ 1799ರ ಮೇ 4ರಂದು ನಮ್ಮೂರ ಕೋಟೆ ನುಗ್ಗಿದ ದಂಡು.

ಇನ್ನೊಂದು ವಿಷಯ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಇದೇ ಮ್ಯಾಕ್ವಾರಿ 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಚಿಕ್ಕ ಹುಡುಗರನ್ನು ದುಡ್ಡು ಕೊಟ್ಟು ಕೊಂಡ. ಒಬ್ಬನಿಗೆ ಜಾರ್ಜ್ ಅಂತ ಹೆಸರಿಟ್ಟ. ಆ ಹುಡುಗ ಬೆಳೆದು ದೊಡ್ಡವನಾಗಿ, ಮ್ಯಾಕ್ವಾರಿ ಸಾಯುವವರೆಗೂ ಜೊತೆಗೇ ಇದ್ದ. ಸಿಡ್ನಿಯಲ್ಲಿ ಸಾವಿರಾರು ಕೈದಿಗಳಿಗೆ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದ ಗವರ್ನರ್ ಮನೆಯಲ್ಲೇ ಕೊಚ್ಚಿಯಿಂದ ಕೊಂಡು ತಂದ ಒಬ್ಬ ಮನುಷ್ಯ ಇದ್ದ. ಅವನನ್ನು ಹೆತ್ತವರು ಇಟ್ಟ ಹೆಸರು ಏನಿತ್ತೋ.

ಮಲೆನಾಡ ಮೇಷ್ಟ್ರು · ಸೋಮವಾರ ಸಂಜೆ

ಬಹಳ ಒಳ್ಳೆಯ ಮಾಹಿತಿ ತಮ್ಮಾ. ಬಂಗಾಳದ ಕೊಂಡಿಯೂ ಇದೆ. ಮೊದಲ ವರ್ಷಗಳಲ್ಲಿ ಸಿಡ್ನಿಗೆ ಬಂದಿಳಿದವರು ಹಸಿವಿನಿಂದ ಸತ್ತೇ ಹೋಗುತ್ತಿದ್ದರು. ತಂದ ದನಗಳು ಕಾಡು ಸೇರಿದವು. ಸಾಮಾನು ತರುತ್ತಿದ್ದ ಗಾರ್ಡಿಯನ್ ಹಡಗು ದಾರಿಯಲ್ಲಿ ಹಿಮಗಡ್ಡೆಗೆ ಬಡಿಯಿತು. 1790ರಲ್ಲಿ ಸಿರಿಯಸ್ ಹಡಗು ನಾರ್ಫೋಕ್ ದ್ವೀಪದ ಬಂಡೆಗೆ ಬಡಿದು ಹೋಯಿತು. ಗವರ್ನರ್ ಫಿಲಿಪ್ ತನ್ನ ಸ್ವಂತ ಹಿಟ್ಟನ್ನೂ ಎಲ್ಲರ ದಾಸ್ತಾನಿಗೆ ಸೇರಿಸಿ, ಕೈದಿಗೆ ಎಷ್ಟೋ ತನಗೂ ಅಷ್ಟೇ ಅಂದ. ಅವನ ಈ ಒಂದು ಗುಣಕ್ಕೆ ನಾನು ತಲೆಬಾಗುತ್ತೇನೆ.

ಆಮೇಲೆ ಅಟ್ಲಾಂಟಿಕ್ ಅನ್ನುವ ಹಡಗನ್ನು ಕಲ್ಕತ್ತೆಗೆ ಕಳಿಸಿದರು. 1792ರ ಜೂನ್‌ನಲ್ಲಿ ಅದು ವಾಪಸ್ ಬಂದಾಗ ಹೊತ್ತು ತಂದದ್ದು ಅಕ್ಕಿ, ಬೇಳೆ, ರವೆ. ಅವರ ಬರವಣಿಗೆಯಲ್ಲೂ 'ದಾಲ್', 'ಸೂಜಿ' ಅಂತಲೇ ಇದೆ. ಇಂಗ್ಲೆಂಡಿನ ಕೈದಿಗಳು ರವೆ ಬೇಯಿಸಿಕೊಂಡು ತಿಂದ ಕಾಲ ಅದು.

ಕಾಫಿಹೂ · ಮಂಗಳವಾರ ಬೆಳಿಗ್ಗೆ

ಹೆಂಗಸರ ಬಗ್ಗೆ ಯಾರೂ ಹೇಳಲಿಲ್ಲ. ಅವರನ್ನೂ ಹೊಲಕ್ಕೇ ಕಳಿಸುತ್ತಿದ್ದರಾ?

ನದಿದಂಡೆ · ಮಂಗಳವಾರ ರಾತ್ರಿ

ಇಲ್ಲಪ್ಪ, ಹೆಚ್ಚಾಗಿ ಮನೆಗೆಲಸ. ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು. ಆಸ್ಟ್ರೇಲಿಯಾಕ್ಕೆ ಬಂದ ಕೈದಿಗಳಲ್ಲಿ ಆರರಲ್ಲಿ ಒಬ್ಬರು ಹೆಂಗಸರು.

ನನ್ನ ಮನೆಯಿಂದ ನದಿ ದಾಟಿದರೆ ಹೆಂಗಸರ ಫ್ಯಾಕ್ಟರಿಯ ಹಳೇ ಕಲ್ಲುಗೋಡೆ ಸಿಗುತ್ತೆ. 1821ರಲ್ಲಿ ಶುರುವಾದದ್ದು. ಅದು ಎಲ್ಲವೂ ಆಗಿತ್ತು. ಕೆಲಸ ಸಿಗುವವರೆಗೆ ತಂಗುವ ಜಾಗ, ಉಣ್ಣೆ ನೂಲುವ ಗಿರಣಿ, ಹೆರಿಗೆ ಆಸ್ಪತ್ರೆ, ಶಿಕ್ಷೆಯ ಕೋಣೆ. ಮದುವೆಗೆ ಹೆಣ್ಣು ಹುಡುಕುವವರೂ ಅನುಮತಿ ಚೀಟಿ ಹಿಡಿದು ಅಲ್ಲಿಗೇ ಬರುತ್ತಿದ್ದರು. ಯಜಮಾನನ ಮನೆಯಲ್ಲಿ ಬಸಿರಾದ ಹೆಂಗಸನ್ನು ಇಲ್ಲಿಗೆ ವಾಪಸ್ ಕಳಿಸುತ್ತಿದ್ದರು. ಯಾರಿಂದ ಬಸಿರಾದಳು ಅಂತ ಯಜಮಾನನನ್ನು ಯಾರೂ ಕೇಳುತ್ತಿರಲಿಲ್ಲ. ಮಗು ಸ್ವಲ್ಪ ದೊಡ್ಡದಾದರೆ ಅನಾಥಾಲಯಕ್ಕೆ, ತಾಯಿ ಮತ್ತೆ ಇನ್ನೊಂದು ಮನೆಗೆ.

1827ರ ಅಕ್ಟೋಬರ್‌ನಲ್ಲಿ ಅವರ ರೊಟ್ಟಿ, ಸಕ್ಕರೆ ಕಡಿಮೆ ಮಾಡಿದರು. ಹೆಂಗಸರು ಸುತ್ತಿಗೆ, ಕಬ್ಬಿಣದ ಸರಳು ಏನು ಸಿಕ್ಕಿತೋ ಅದರಲ್ಲಿ ಬಾಗಿಲು ಒಡೆದು ಪೇಟೆಗೆ ನುಗ್ಗಿದರು. ಬ್ರೆಡ್ಡು ಮಾಂಸ ಕೈಗೆ ಸಿಕ್ಕಷ್ಟು ಎತ್ತಿಕೊಂಡರು. ಸೈನಿಕರು ಬಂದು ಸುತ್ತುವರಿದು ವಾಪಸ್ ಕರೆದೊಯ್ಯಬೇಕಾಯಿತು. ಆ ಗೋಡೆ ಪಕ್ಕ ನಡೆಯುವಾಗಲೆಲ್ಲ ನನಗೆ ಈ ಹೆಂಗಸರು ಸೆರಗಲ್ಲಿ ಬ್ರೆಡ್ಡು ಕಟ್ಟಿಕೊಂಡು ಓಡುವುದು ಕಾಣುತ್ತೆ. ಅವರು ಸೆರಗು ಹೊದ್ದವರಲ್ಲ, ಗೊತ್ತು. ಆದರೂ ಹಾಗೇ ಕಾಣುತ್ತೆ.

ರೂಸ್ ಕಥೆ ಬಾಕಿ ಇತ್ತಲ್ಲ. ಕಾರ್ನ್‌ವಾಲ್‌ನವನು, ಕಳ್ಳತನಕ್ಕೆ 7 ವರ್ಷ. ಗಡುವು ಮುಗಿದ ಮೇಲೆ ಫಿಲಿಪ್ ಹತ್ತಿರ ಹೋಗಿ ಜಮೀನು ಕೊಡಿ, ಬೇಸಾಯ ಮಾಡುತ್ತೇನೆ ಅಂದ. 1789ರ ನವೆಂಬರ್‌ನಲ್ಲಿ ಇದೇ ಪರಮಟ್ಟಾದಲ್ಲಿ ಒಂದು ತುಂಡು ನೆಲ, ಬೀಜ, ಗುದ್ದಲಿ, ಒಂದೆರಡು ಹಂದಿ, ಕೋಳಿ ಕೊಟ್ಟರು. ಅವನು ಕಡಿದ ಮರವನ್ನು ಅಲ್ಲೇ ಸುಟ್ಟ. ಬೂದಿಯನ್ನು ಮಣ್ಣಿಗೆ ಸೇರಿಸಿ ಅಗೆದ. ಹುಲ್ಲು ಮುಚ್ಚಿ ಕೊಳೆಯಲು ಬಿಟ್ಟ, ಮತ್ತೆ ಅಗೆದ. ನೇಗಿಲಿಲ್ಲ, ಎಲ್ಲ ಕೈಯಲ್ಲೇ. 1791ರ ಫೆಬ್ರವರಿಗೆ ಸರ್ಕಾರದ ಉಗ್ರಾಣದ ಊಟ ನನಗಿನ್ನು ಬೇಡ ಅಂದ. 30 ಎಕರೆ ಅವನ ಹೆಸರಿಗಾಯಿತು.

ಮಕ್ಕಳ ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಅವನು 1793ರಲ್ಲಿ ಆ ಜಮೀನನ್ನು 40 ಪೌಂಡಿಗೆ ಒಬ್ಬ ಸರ್ಜನ್‌ಗೆ ಮಾರಿದ. ಆಮೇಲೆ ಬೇರೆ ಕಡೆ ಜಮೀನು ಮಾಡಿದ, ಅದೂ ನಿಲ್ಲಲಿಲ್ಲ. ವಯಸ್ಸಾದ ಮೇಲೆ ಇನ್ನೊಬ್ಬರ ಜಮೀನಿನಲ್ಲಿ ಮೇಲ್ವಿಚಾರಕನಾಗಿದ್ದ. ಕ್ಯಾಂಪ್‌ಬೆಲ್‌ಟೌನ್‌ನಲ್ಲಿ ಅವನ ಸಮಾಧಿ ಕಲ್ಲಿದೆ. ಅಕ್ಷರ ತಾನೇ ಕೆತ್ತಿದ ಅಂತ ಹೇಳುತ್ತಾರೆ. ಅಮ್ಮ ನನ್ನನ್ನು ಅಕ್ಕರೆಯಿಂದ ಸಾಕಿದಳು, ಈ ನಾಡಿಗೆ ಬಂದಾಗ ಮೊದಲ ಕಾಳು ಬಿತ್ತಿದ್ದು ನಾನು ಅಂತ ಅದರಲ್ಲಿದೆ. ಕಾಗುಣಿತ ತುಂಬಾ ತಪ್ಪು. ಒಂದೊಂದು ಅಕ್ಷರವನ್ನೂ ಕಷ್ಟಪಟ್ಟು ಕೂರಿಸಿದ್ದು ಗೊತ್ತಾಗುತ್ತೆ.

ರಾಗಿಕಣ · ಬುಧವಾರ ಬೆಳಿಗ್ಗೆ

ಅಕ್ಕಾ, ನನ್ನ ಮೊದಲಿನ ಮಾತು ಅರ್ಧ ವಾಪಸ್ ತಗೊಳ್ತೀನಿ. ಊಟದ ಲೆಕ್ಕ ನೋಡಿ ಮಾತಾಡಿದ್ದೆ, ಮ್ಯಾಜಿಸ್ಟ್ರೇಟ್ ಲೆಕ್ಕ ಗೊತ್ತಿರಲಿಲ್ಲ.

ಒಂದು ಕೇಳಬೇಕು. ರೂಸ್‌ಗೆ ಕೊಟ್ಟ ಆ ನೆಲ ಯಾರದು? ನಾವು ಇಷ್ಟೊತ್ತೂ ಯಜಮಾನ, ಆಳು ಅಂತ ಇಬ್ಬರ ಬಗ್ಗೆಯೇ ಮಾತಾಡ್ತಿದೀವಿ.

ನದಿದಂಡೆ · ಬುಧವಾರ ರಾತ್ರಿ

ಇದನ್ನು ಕೇಳಿದ್ದಕ್ಕೆ ಥ್ಯಾಂಕ್ಸ್. ಮೊದಲ ಪೋಸ್ಟಿನಲ್ಲೇ ನಾನು ಬರೆಯಬೇಕಿತ್ತು.

ಪರಮಟ್ಟಾ ಅನ್ನುವ ಹೆಸರೇ ಅವರದು. ಬರ್ರಮಟ್ಟಗಲ್ ಜನರ ಊರು. ಹಾವುಮೀನು ಸಿಗುವ ಜಾಗ ಅಂತ ಅರ್ಥ. ಹಡಗು ಬಂದ ಮರುವರ್ಷವೇ, 1789ರಲ್ಲಿ, ಸಿಡುಬು ಹರಡಿ ಸಿಡ್ನಿ ಸುತ್ತಲಿನ ಮೂಲ ಜನ ಗುಂಪು ಗುಂಪಾಗಿ ಸತ್ತರು. ಉಳಿದವರ ನೆಲವನ್ನು 30 ಎಕರೆ, 50 ಎಕರೆ ಅಂತ ಶಿಕ್ಷೆ ಮುಗಿದವರಿಗೆ, ನೂರು ಸಾವಿರ ಎಕರೆ ಅಂತ ಅಧಿಕಾರಿಗಳಿಗೆ ಹಂಚಿದರು. ಕೈದಿ ಆಳಾಗಿ ಮೊದಲು ಆ ಗಡಿಗೆ ಹೋಗಿ ನಿಂತ. ಯಜಮಾನ ಸಿಡ್ನಿಯಲ್ಲಿ ಕೂತಿದ್ದ.

ಒಂದು ಗುಡಿಸಲಿನ ಕಥೆ ಹೇಳುತ್ತೇನೆ. ಉತ್ತರಕ್ಕೆ, ಮಯಾಲ್ ಕ್ರೀಕ್ ಅನ್ನುವ ಕಡೆ ಹೆನ್ರಿ ಡ್ಯಾಂಗರ್ ಅನ್ನುವ ಜಮೀನ್ದಾರನ ದನದ ಠಾಣೆ ಇತ್ತು. ಅಲ್ಲಿ ಸರ್ಕಾರ ಹಂಚಿಕೊಟ್ಟ ಆಳುಗಳು ಇದ್ದರು. ಗುಡಿಸಲು ನೋಡಿಕೊಳ್ಳುವ ಜಾರ್ಜ್ ಆಂಡರ್ಸನ್, ದನ ಕಾಯುವ ಚಾರ್ಲ್ಸ್ ಕಿಲ್ಮೀಸ್ಟರ್. ಪಕ್ಕದಲ್ಲೇ ವಿರ್ರಯರಾಯ್ ಜನರ ಬಿಡಾರ. ಕೆಲವು ವಾರಗಳಿಂದ ಎಲ್ಲ ಹೊಂದಿಕೊಂಡೇ ಇದ್ದರು. ಕಿಲ್ಮೀಸ್ಟರ್ ಸಂಜೆ ಅವರ ಮಕ್ಕಳ ಜೊತೆ ಹಾಡಿ ಕುಣಿಯುತ್ತಿದ್ದ.

1838ರ ಜೂನ್ 10ರಂದು ಕುದುರೆ ಮೇಲೆ ಒಂದು ಗುಂಪು ಬಂತು. ಒಬ್ಬನನ್ನು ಬಿಟ್ಟರೆ ಎಲ್ಲ ಕೈದಿಗಳು ಅಥವಾ ಮೊದಲು ಕೈದಿಗಳಾಗಿದ್ದವರು. ಬಿಡಾರದವರು ಹೆದರಿ ಆಂಡರ್ಸನ್ ಗುಡಿಸಲೊಳಗೆ ಓಡಿ ಬಂದರು. ಅವರನ್ನು ಒಂದೇ ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಹೋದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಕನಿಷ್ಠ 28 ಜನರನ್ನು ಕೊಂದರು. ಕಿಲ್ಮೀಸ್ಟರ್ ತನ್ನ ಕುದುರೆ ಹತ್ತಿ ಆ ಗುಂಪಿನ ಜೊತೆ ಹೋದ. ಆಂಡರ್ಸನ್ ಹೋಗಲಿಲ್ಲ. ಆಮೇಲೆ ಕೋರ್ಟಿನಲ್ಲಿ ನಿಂತು ನೋಡಿದ್ದನ್ನು ನೋಡಿದ ಹಾಗೆ ಹೇಳಿದ. ಅವನೂ ಶಿಕ್ಷೆಯಲ್ಲಿದ್ದವನೇ. ಸುತ್ತ ಇದ್ದವರೆಲ್ಲ ಎದುರು ಪಕ್ಷ. ಜಮೀನ್ದಾರರು ಆರೋಪಿಗಳ ವಕೀಲರಿಗೆ ದುಡ್ಡು ಕೂಡಿಸಿದ್ದರು. ಮೊದಲ ವಿಚಾರಣೆಯಲ್ಲಿ 11 ಜನರೂ ಬಿಡುಗಡೆ. ಎರಡನೆಯದರಲ್ಲಿ 7 ಜನರಿಗೆ ಗಲ್ಲು, ಡಿಸೆಂಬರ್ 18ಕ್ಕೆ. ಆ ಏಳರಲ್ಲಿ ಕಿಲ್ಮೀಸ್ಟರ್ ಒಬ್ಬ. ಗುಂಪಿನಲ್ಲಿದ್ದ ಆ ಒಬ್ಬ ಸ್ವತಂತ್ರ ಮನುಷ್ಯ, ಜಮೀನಿದ್ದವನು, ತಪ್ಪಿಸಿಕೊಂಡ. ಸಿಗಲೇ ಇಲ್ಲ.

ಒಂದೇ ಯಜಮಾನ, ಒಂದೇ ರೇಷನ್, ಒಂದೇ ಸೂರು. ಕಿಲ್ಮೀಸ್ಟರ್ ಯಾಕೆ ಕುದುರೆ ಹತ್ತಿದ ಅಂತ ಕೋರ್ಟಿನಲ್ಲಿ ಗೊತ್ತಾಗಲಿಲ್ಲ. ಎಷ್ಟು ಓದಿದರೂ ನನಗೂ ಗೊತ್ತಾಗಿಲ್ಲ.

ಮಲೆನಾಡ ಮೇಷ್ಟ್ರು · ಗುರುವಾರ ಮಧ್ಯಾಹ್ನ

ನಿನ್ನೆಯ ಬರಹ ಓದಿ ತಕ್ಷಣ ಏನೂ ಬರೆಯಲಾಗಲಿಲ್ಲ ತಾಯಿ.

ಪದದ ಬಗ್ಗೆ ಯೋಚಿಸಿದೆ. ನಮ್ಮಲ್ಲಿ ಸೆರೆಯಾಳು ಅನ್ನುವ ಹಳೆಯ ಪದ ಇದೆ. ಅಲ್ಲಿ ಆಳು ಅಂದರೆ ಬರೀ ಮನುಷ್ಯ. ಸೆರೆ ಸಿಕ್ಕ ಮನುಷ್ಯ. ಜೀತದಾಳು, ಕೂಲಿಯಾಳು, ಸಂಬಳದಾಳು ಅನ್ನುವಾಗ ಆಳು ಅಂದರೆ ದುಡಿಯುವವನು, ಮೊದಲ ಭಾಗ ಅವನನ್ನು ಯಾವುದು ಕಟ್ಟಿಹಾಕಿದೆ ಅಂತ ಹೇಳುತ್ತೆ. ಆ ಸಾಲಿನಲ್ಲೇ ಶಿಕ್ಷೆಯಾಳು ಅಂದರೆ ಹೇಗೆ? ಕೇಳಿದ ಕೂಡಲೇ ಅರ್ಥ ಆಗುತ್ತೆ, ಸರಳುಗಳು ಕಣ್ಣ ಮುಂದೆ ಬರುವುದಿಲ್ಲ.

ಕಾಫಿಹೂ · ಗುರುವಾರ ರಾತ್ರಿ

ಶಿಕ್ಷೆಯಾಳು. ಚೆನ್ನಾಗಿದೆ ಮೇಷ್ಟ್ರೇ. ಜೀತದ ಪಕ್ಕದಲ್ಲೇ ಕೂರುತ್ತೆ, ಆದರೆ ಜೀತ ಅಲ್ಲ. ನನ್ನ ಪದ ವಾಪಸ್ ತಗೊಂಡೆ.

ನದಿದಂಡೆ · ಶನಿವಾರ ಸಂಜೆ

ಇವತ್ತು ಕ್ಲಾಸಿನಲ್ಲಿ ಬೋರ್ಡ್ ಮೇಲೆ ಶಿಕ್ಷೆಯಾಳು ಅಂತ ಬರೆದೆ. ಒಬ್ಬ ಹುಡುಗ ಬಿಡಿಸಿ ಓದಿ, "ಶಿಕ್ಷೆ ಪ್ಲಸ್ ಆಳು" ಅಂತ ತಾನೇ ಹೇಳಿದ. ಮೇಷ್ಟ್ರೇ, ನಿಮ್ಮ ಪದ ಪಾಸ್.

ಮನೆಯಿಂದ ವಾರದ ರೇಷನ್ ತೂಕ ಮಾಡಿ ಒಯ್ದಿದ್ದೆ. ಗೋಧಿ ಒಂದು ಚೀಲದಲ್ಲಿ. ಮಾಂಸದ ಬದಲು ಅಷ್ಟೇ ತೂಕದ ಆಲೂಗಡ್ಡೆ. ಉಪ್ಪು ಒಂದು ಲೋಟದ ತಳದಲ್ಲಿ. ಸೋಪನ್ನು ಚಾಕುವಿನಲ್ಲಿ ಕತ್ತರಿಸಿ 57 ಗ್ರಾಂ ಮಾಡಿದ್ದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಎಲ್ಲರೂ ಗೋಧಿ ಚೀಲ ಎತ್ತಿ ನೋಡಿದರು. ಜೈಲು ಎಲ್ಲಿತ್ತು ಅಂತ ಕೇಳಿದ್ದ ಹುಡುಗಿ ಮಾತ್ರ ಸೋಪನ್ನೇ ಹಿಡಿದುಕೊಂಡು ಕೂತಳು. ಆಮೇಲೆ ಕೇಳಿದಳು, "ಸ್ನಾನಕ್ಕೂ ಬಟ್ಟೆಗೂ ಇದೊಂದೇನಾ ಆಂಟಿ?"

ಮಯಾಲ್ ಕ್ರೀಕ್ ಕಥೆಯನ್ನು ಚಿಕ್ಕವರಿಗೆ ಹೇಳಲಿಲ್ಲ. ದೊಡ್ಡ ಮಕ್ಕಳ ಕ್ಲಾಸಿನಲ್ಲಿ ಹೇಳಿದೆ, ಅವರ ಅಪ್ಪ ಅಮ್ಮಂದಿರನ್ನು ಮೊದಲೇ ಕೇಳಿ. ಬರ್ರಮಟ್ಟಗಲ್ ಹೆಸರನ್ನು ಮಾತ್ರ ಎಲ್ಲರಿಗೂ ಹೇಳಿಕೊಟ್ಟೆ.

ಗಂಜಾಂ ಹುಡುಗ, ಮುಂದಿನ ವಾರ ಶ್ರೀರಂಗಪಟ್ಟಣದ ಕಥೆ. ಕೋಟೆ ಒಡೆದ ಜಾಗದಲ್ಲಿ ಒಂದು ಕಂಬ ನಿಲ್ಲಿಸಿದ್ದಾರಲ್ಲ, ಅದರ ಫೋಟೋ ತೆಗೆದು ಹಾಕ್ತೀಯಾ? ಅದರಲ್ಲಿ 73ನೇ ರೆಜಿಮೆಂಟಿನ ಹೆಸರು ಇದೆಯಾ ನೋಡು. ಅಕ್ಷರ ಓದುವ ಹಾಗೆ ಹತ್ತಿರದಿಂದ ತೆಗಿ, ಮಕ್ಕಳು ತಾವೇ ಹುಡುಕಲಿ.